ಒಣ ಜಾಲಿ ಕೊಯ್ದರ ಹಲಗೆ ಅಲೆಅಲೆಯಾಗಿ ಬರ್ತದ, ಯಾಕ?

ಪ್ರಶ್ನೆ (ಜಮಖಂಡಿ): 32 ಮಿ.ಮೀ. ಬ್ಲೇಡಿನ ಪೋರ್ಟೆಬಲ್ ಬ್ಯಾಂಡ್‌ಸಾ (ಪಟ್ಟಿ ಬ್ಲೇಡಿನಿಂದ ದಿಮ್ಮಿ ಕೊಯ್ಯೋ ಮಷೀನು). ಹಸಿ ಬೇವು ನೀಟಾಗಿ ಕೊಯ್ತದ. ಒಣ ಕರಿಜಾಲಿ ಹಾಕಿದ್ರ ಗಂಟಿನ ಹತ್ರ ಬ್ಲೇಡ್ ಮ್ಯಾಲೇಳ್ತದ, ಹಲಗೆ 3–4 ಮಿ.ಮೀ. ದಪ್ಪ-ತೆಳು. ಬ್ಲೇಡಿನ ಟೆನ್ಷನ್ (ಎಳೆತ) ಬಿಗಿ ಮಾಡಿದ್ರೂ ಅಷ್ಟೇ.

ಉತ್ತರ (ಗೋಕಾಕ): ಟೆನ್ಷನ್ ಆಮ್ಯಾಲೆ, ಮೊದಲು ಹಲ್ಲು ನೋಡ್ರಿ. ಬ್ಲೇಡ್ ಬಿಚ್ಚಿ ಹಲ್ಲಿನ ತುದಿ ಬಿಸಿಲಿಗೆ ಹಿಡೀರಿ. ಹರಿತ ತುದಿ ಹೊಳೆಯೂದಿಲ್ಲ. ಬಿಳಿ ಚುಕ್ಕೆ ಮಿಂಚಿದ್ರ ಮೊಂಡಾಗ್ಯದ. ಮೊಂಡು ಹಲ್ಲು ಕೊಯ್ಯೂದಿಲ್ಲ, ಬರೇ ಉಜ್ತದ. ಬ್ಲೇಡ್ ಕಾದು ಉದ್ದಾಗಿ ಟೆನ್ಷನ್ ತಾನ ಇಳೀತದ. 10 ಡಿಗ್ರಿ ಹುಕ್ (ಹಲ್ಲು ಮುಂದಕ್ಕ ಬಾಗಿದ ಕೋನ) ಮೆತ್ತನ ಕಟ್ಟಿಗಿಗೆ ಸರಿ, ಒಣ ಜಾಲಿಗೆ 4 ಇಲ್ಲಾ 7 ಬೇಕು. ಸೆಟ್ (ಹಲ್ಲು ಪಕ್ಕಕ್ಕ ಬಾಗಿದ್ದು) ಒಂದೊಂದು ಬದಿ ಸುಮಾರು 0.5 ಮಿ.ಮೀ., ಎರಡೂ ಕಡೆ ಸಮ. ಹೆಚ್ಚು ಸೆಟ್ ಇದ್ದ ಕಡೆಗೇ ಬ್ಲೇಡ್ ಎಳೀತದ.

ಉತ್ತರ (ಇಂಡಿ): ಬ್ಲೇಡ್ ನೆಟ್ಟಗ ಹಿಡಿಯೋ ಗೈಡ್ ರೋಲರ್ ದಿಮ್ಮಿಯಿಂದ ಎಷ್ಟು ದೂರ ಐತಿ? ಅಗಲ ಭಾಗ ದಾಟೂವಷ್ಟು, 2–3 ಸೆಂ.ಮೀ. ಸಾಕು. ರೋಲರ್ ಬ್ಲೇಡನ್ನ 6 ಮಿ.ಮೀ. ಕೆಳಗ ಒತ್ತಿರಬೇಕು. ಗಂಟು ಬಂದಾಗ ಫೀಡ್ (ಬ್ಲೇಡ್ ದಿಮ್ಮಿಯೊಳಗ ಮುಂದ ಹೋಗೂ ವೇಗ) ನಿಧಾನ ಮಾಡ್ರಿ, ಪೂರಾ ನಿಲ್ಲಿಸಬ್ಯಾಡ್ರಿ. ನೀರಿನಾಗ ಸ್ವಲ್ಪ ಪಾತ್ರೆ ತೊಳೆಯೋ ಸೋಪು ಹಾಕಿ ಹನಿ ಬಿಡ್ರಿ. ಕೆಲಸ ಮುಗಿದ ಮ್ಯಾಲೆ ಟೆನ್ಷನ್ ಸಡಿಲ ಮಾಡ್ಲಿಕ್ಕೇಬೇಕು, ಇಲ್ಲಾಂದ್ರ ಚಕ್ರದ ಬೆಲ್ಟಿನ್ಯಾಗ ತಗ್ಗು ಬೀಳ್ತದ.

ಉತ್ತರ (ಬೈಲಹೊಂಗಲ): ಬದುವಿನ ಜಾಲಿ ಆದ್ರ ಬೇಲಿ ತಂತಿ, ಮೊಳೆ ಒಳಗಿರ್ತಾವ. ದಿಮ್ಮಿಯ ತುದಿಯೊಳಗ ನೀಲಿಗಪ್ಪು ಕಲೆ ಕಂಡ್ರ ಕಬ್ಬಿಣ ಐತಿ ಅಂತ ತಿಳೀರಿ, ಮೆಟಲ್ ಡಿಟೆಕ್ಟರ್ ಆಡಿಸದ ಕೊಯ್ಯಬ್ಯಾಡ್ರಿ. ಮಣ್ಣು ಹತ್ತಿದ ತೊಗಟೆ ಕೆತ್ತಿ ತೆಗೀರಿ. ಹಲ್ಲು ತಿನ್ನೂದು ಅದೇ ಮಣ್ಣು.