ಅಪ್‌ಡೇಟ್: ಅಲಾಸ್ಕಾದ ಒಂಟಿ ಬಾಳಿನಲ್ಲಿ ಸುಖವಿತ್ತೇ?

ಅಲಾಸ್ಕಾದ ಟ್ವಿನ್ ಲೇಕ್ಸ್ ತೀರದಲ್ಲಿ ಸುಮಾರು 30 ವರ್ಷ ಒಬ್ಬರೇ ಬದುಕಿದ ಡಿಕ್ ಪ್ರೆನಕಿ ನಿಜಕ್ಕೂ ಸುಖವಾಗಿದ್ದರೇ ಎಂದು ನಾನು ಕೇಳಿದ್ದೆ. ನಿಮ್ಮ ಉತ್ತರಗಳನ್ನೂ ಅವರ ದಿನಚರಿಯ ಕೆಲವು ಭಾಗಗಳನ್ನೂ ಓದಿದ ಮೇಲೆ, ಸುಖವಾಗಿಯೇ ಇದ್ದರೆಂದು ನನಗೆ ಅನ್ನಿಸಿದೆ. 1968ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಸ್ಪ್ರೂಸ್ ದಿಮ್ಮಿಗಳನ್ನು ಕೈಯಾರೆ ಕೆತ್ತಿ ಜೋಡಿಸಿ ಮನೆ ಕಟ್ಟಿಕೊಂಡು, ಉಪಕರಣಗಳ ಹಿಡಿಗಳನ್ನೂ ಬಾಗಿಲಿನ ಕೀಲುಗಳನ್ನೂ ಮರದಲ್ಲೇ ಮಾಡಿಕೊಂಡ ಅವರಿಗೆ ಕೆಲಸವೇ ಸುಖವಾಗಿತ್ತು. ಆದರೆ ಅವರ ಸ್ವಾವಲಂಬನೆ ಪರಿಪೂರ್ಣವಾಗಿತ್ತೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ದಿನಸಿಯನ್ನೂ ಕಾಗದಪತ್ರಗಳನ್ನೂ ಸಣ್ಣ ವಿಮಾನವೊಂದು ತಂದಿಳಿಸುತ್ತಿತ್ತು (ಆ ಪೈಲಟ್‌ನನ್ನು ಅಭಿಮಾನಿಗಳು ಏಕೋ ಸುಲಭವಾಗಿ ಮರೆಯುತ್ತಾರೆ). ಅಷ್ಟು ವರ್ಷ ಚಳಿಗೆ ಜಗ್ಗದವರು 1998ರಲ್ಲಿ, 82ನೇ ವಯಸ್ಸಿನಲ್ಲಿ, ಆ ಮನೆ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿದ್ದ ಸೋದರನ ಬಳಿಗೆ ಹೋದರು.