ರೇಷ್ಮೆ ನಾರು ಬೆರೆಸಿದ ಕೈಟೋಸಾನ್ ಹಾಳೆ ಒಣಗುವಾಗ ಸೀಳುತ್ತಿದೆ

ಪ್ರಶ್ನೆ (ಮೈಸೂರು):
ಗಾಯದ ಹೊದಿಕೆಗೆಂದು 1% ಅಸಿಟಿಕ್ ಆಮ್ಲದಲ್ಲಿ 2% ಕೈಟೋಸಾನ್ (ಸಿಗಡಿ, ಏಡಿ ಚಿಪ್ಪಿನಿಂದ ಮಾಡುವ ವಸ್ತು) ಕರಗಿಸಿ, ಕೈಟೋಸಾನ್ ತೂಕದ 20% ರೇಷ್ಮೆ ನಾರು (1 ಸೆಂ.ಮೀ. ತುಂಡು) ಸೇರಿಸಿದೆ. 60 ಡಿಗ್ರಿ ಓವನ್‌ನಲ್ಲಿ ಅಂಚು ಸುರುಳಿಯಾಗಿ, ನಾರು ಗಂಟಾದ ಕಡೆ ಸೀಳುತ್ತದೆ. ಅಂಟು ತೆಗೆಯಲು ರೇಷ್ಮೆ ಗೂಡು ಬೇಯಿಸಿದಾಗ ತೂಕ 18% ಇಳಿದಿತ್ತು. ಎಲ್ಲಿ ತಪ್ಪಿದೆ? ನೂಲು ತೆಗೆಯುವ ಒಳ್ಳೇ ಗೂಡೇ ಬೇಕಾ?

ಉತ್ತರ 1 (ಮಂಡ್ಯ):
ಆ 18 ನೋಡಿದರೇ ಗೊತ್ತಾಗುತ್ತೆ, ಅಂಟು ಪೂರ್ತಿ ಹೋಗಿಲ್ಲ. ಗೂಡಿನಲ್ಲಿ ಸೆರಿಸಿನ್ (ಅದೇ ಆ ಅಂಟು) 25-30% ಇರುತ್ತೆ, ತೂಕವೂ ಹೆಚ್ಚೂಕಮ್ಮಿ ಅಷ್ಟೇ ಇಳಿಯಬೇಕು. (ಪೂರ್ತಿ ಒಣಗಿಸಿ ತೂಗಿದಿರಿ ತಾನೇ?) ಅಂಟು ಉಳಿದರೆ ಎಳೆಗಳು ಬಿಡಿಯಾಗಲ್ಲ, ಕಟ್ಟಿನೊಳಕ್ಕೆ ಕೈಟೋಸಾನ್ ಇಳಿಯಲ್ಲ. 5 ಗ್ರಾಂ ಗೂಡಿಗೆ 2 ಲೀಟರ್ ಡಿಸ್ಟಿಲ್ಡ್ ನೀರು, 4.24 ಗ್ರಾಂ ಸೋಡಿಯಂ ಕಾರ್ಬೊನೇಟ್, 30 ನಿಮಿಷ ಕುದಿತ. ಬಾಟಲಿ ಮೇಲೆ ಡೆಕಾಹೈಡ್ರೇಟ್ (ಹರಳಲ್ಲೇ ನೀರು ಸೇರಿರುವ ಬಗೆ) ಅಂತಿದ್ದರೆ 11.4 ಗ್ರಾಂ, ಎಡವೋದು ಇಲ್ಲೇ. ಗಂಟೆಗಟ್ಟಲೆ ಕುದಿಸಿದರೆ ನಾರೇ ಸೊರಗುತ್ತೆ. ಬೋರ್‌ವೆಲ್ ನೀರು ಬೇಡ, ಗಡಸು ನೀರಿನ ಕ್ಯಾಲ್ಸಿಯಂ ಸೋಡಾ ಜೊತೆ ಸೇರಿ ಬಿಳಿ ಪುಡಿಯಾಗಿ ಎಳೆ ಮೇಲೆ ಕೂರುತ್ತೆ. ಆಮೇಲೆ ಮೂರು ಸಲ, ತಲಾ 20 ನಿಮಿಷ ತೊಳೆಯಿರಿ.

ಉತ್ತರ 2:
ಅಂಟಿನ ಮಾತು ಸರಿ, ಆದರೆ 20% ನಾರೂ ಅತಿ. 5%ಗೆ ಇಳಿಸಿ, 2-3 ಮಿ.ಮೀ.ಗೆ ಕತ್ತರಿಸಿ. ಒಣ ನಾರನ್ನು ಹಾಗೇ ಸುರಿಯಬೇಡಿ. ಸ್ವಲ್ಪ ದ್ರಾವಣದಲ್ಲಿ ನೆನೆಸಿ, ಬಿಡಿಸಿ, ಆಮೇಲೆ ಉಳಿದದ್ದಕ್ಕೆ ಸೇರಿಸಿ. 60 ಡಿಗ್ರಿಯಲ್ಲಿ ಹಾಲಿನ ಕೆನೆ ಹಾಗೆ ಮೇಲೆ ಪದರ ಕಟ್ಟುತ್ತೆ, ಒಳಗಿನ ನೀರು ಆಮೇಲೆ ಹೊರಟಾಗ ಎಳೆತ ಬಿದ್ದು ಸೀಳುತ್ತೆ. ಕೋಣೆಯ ಶಾಖದಲ್ಲೇ ಎರಡು ದಿನ ಬಿಡಿ. 9 ಸೆಂ.ಮೀ. ತಟ್ಟೆಗೆ 25 ಮಿ.ಲೀ. ಸಾಕು.

ಒಣಗಿದ ಮೇಲೆ ತಣ್ಣಗಿನ 2% ಕಾಸ್ಟಿಕ್ ಸೋಡಾದಲ್ಲಿ 10-15 ನಿಮಿಷ ಇಡದಿದ್ದರೆ ಹಾಳೆ ನೀರಲ್ಲಿ ಉಬ್ಬಿ ಕರಗುತ್ತೆ. ಹೆಚ್ಚು ಹೊತ್ತು ಬಿಟ್ಟರೆ ಕ್ಷಾರ ರೇಷ್ಮೆಯನ್ನೂ ತಿನ್ನುತ್ತೆ. ಮೃದುವಾಗಲಿ ಅಂತ ಮೊದಲೇ ಗ್ಲಿಸರಿನ್ ಹಾಕಿದ್ದರೆ ಈ ತೊಳೆತದಲ್ಲಿ ಹೋಗಿಬಿಡುತ್ತೆ. ಕೊನೇ ತೊಳೆತದ ನಂತರ ಗ್ಲಿಸರಿನ್ ನೀರಲ್ಲಿ ಅದ್ದಿ ಒಣಗಿಸಿ.

ಉತ್ತರ 3 (ಮೈಸೂರು):
ಒಳ್ಳೇ ಗೂಡು ದಂಡ. ಹೇಗೂ ಕತ್ತರಿಸ್ತೀರಲ್ಲ, ಬಿತ್ತನೆ ಕೋಠಿಯ (ರೇಷ್ಮೆ ಮೊಟ್ಟೆ ತಯಾರಿಸುವ ಕಡೆಯ) ತೂತು ಗೂಡೇ ಸಾಕು. ಚಿಟ್ಟೆ ಹೊರಬಂದ ಕಡೆ ಕಂದು ಕಲೆ ಇರುತ್ತೆ, ಆ ಭಾಗ ಕತ್ತರಿಸಿ ಬಿಸಾಕಿ. ಒಳಗಿನ ಹುಳುವಿನ ಪೊರೆಯನ್ನೂ ತೆಗೆಯಿರಿ.

ಇನ್ನೊಂದು: ಕೈಟೋಸಾನ್ ನಮ್ಮ ಮೈಯಲ್ಲಿರುವ ಕಿಣ್ವವಾದ ಲೈಸೋಜೈಮ್‌ಗೆ ಕರಗುತ್ತೆ, ರೇಷ್ಮೆ ಅಷ್ಟು ಬೇಗ ಅಲ್ಲ. ರೇಷ್ಮೆ ಹೊಲಿಗೆ ದಾರ ಇವತ್ತಿಗೂ ‘ಕರಗದ ದಾರ’ಗಳ ಪಟ್ಟಿಯಲ್ಲೇ ಇದೆ. ಬಿಚ್ಚಿ ತೆಗೆಯುವ ಹೊದಿಕೆಗೆ ಅಡ್ಡಿಯಿಲ್ಲ. ಗಾಯದೊಳಗೆ ಬಿಡುವುದಾದರೆ ನಾರಿನ ಲೆಕ್ಕ ಬೇರೆಯಾಗಿ ಹಾಕಿ.