ಮೂರೂ ಗೈ ವಯರ್ ಸಮ ಬಿಗಿ ಉಂಟು, ಆದ್ರೂ ಟವರ್ ವಾಲಿದೆ, ಯಾಕೆ?

ಬದಿಯಡ್ಕದವ:
ನಮ್ಮಲ್ಲಿ ಗುಡ್ಡದ ಇಳಿಜಾರಲ್ಲಿ ಇಂಟರ್ನೆಟ್ ಲಿಂಕಿನ 40 ಮೀಟರ್ ಟವರ್ ಉಂಟು, ಮೂರು ಬದಿ ಬೇರೆ ಬೇರೆ ಎತ್ತರದಲ್ಲಿ (ಲೆವೆಲಲ್ಲಿ) ಗೈ ವಯರ್, ಅಂದ್ರೆ ಟವರನ್ನು ಎಳೆದು ಹಿಡಿಯುವ ಉಕ್ಕಿನ ಹಗ್ಗ. ಒಂದು ಆಂಕರ್ (ನೆಲದಲ್ಲಿ ವಯರ್ ಕಟ್ಟುವ ಜಾಗ) ಬುಡಕ್ಕಿಂತ 6 ಮೀಟರ್ ಮೇಲೆ, ಉಳಿದೆರಡು 3 ಮೀಟರ್ ಕೆಳಗೆ, ಬುಡದಿಂದ ಮೂರೂ 28 ಮೀಟರ್ ದೂರ. ಮಳೆಗಾಲಕ್ಕೆ ಮೊದಲು ಕಂಟ್ರಾಕ್ಟಿನವರು ಬಂದು ಬಿಗಿ ಅಳೆಯುವ ಗೇಜ್ ಹಾಕಿ ತುದಿಯ ಲೆವೆಲಿನ ಮೂರಕ್ಕೂ 300 ಕಿಲೋ ಮಾಡಿ ಹೋದ್ರು. ಈಗ ನೋಡಿದ್ರೆ ತುದಿ ಗುಡ್ಡದ ಕಡೆಗೆ ವಾಲಿದೆ, ಆಟಿ ತಿಂಗಳ ಮಳೆಗಾಳಿ ಬೀಸುವಾಗ ಗುಡ್ಡದ ಬದಿಯ ವಯರ್ ಜೋತು ಬಿದ್ದು ಮತ್ತೆ ಪಟ್ಟನೆ ಬಿಗಿಯಾಗ್ತದೆ, ಸಿಗ್ನಲ್ ಆಗಾಗ ಹೋಗ್ತದೆ. ಎಲ್ಲ ಟರ್ನ್‌ಬಕಲ್ (ವಯರ್ ಬಿಗಿ ಮಾಡುವ ತಿರುಪು) ಒಂದೊಂದು ಸುತ್ತು ಬಿಗಿ ಮಾಡಿದ್ರೆ ಸರಿಯಾಗ್ತದೆ ಅಂತ ಇಲ್ಲಿಯವರು ಹೇಳ್ತಾರೆ. ಮಾಡ್ಬಹುದಾ?

ಉಪ್ಪಳ ರಿಗ್ಗರ್:
ಬೇಡ ಮಾರಾಯ್ರೇ. ಗೇಜ್ ತೋರಿಸುವುದು ವಯರಿನ ಉದ್ದಕ್ಕೆ ಇರುವ ಎಳೆತ, ಟವರನ್ನು ನೆಟ್ಟಗೆ ನಿಲ್ಲಿಸುವುದು ಅದರ ಅಡ್ಡ ಎಳೆತ ಮಾತ್ರ. ಗುಡ್ಡದ ಬದಿಯ ವಯರ್ ಹೆಚ್ಚು ಮಲಗಿದ ಹಾಗೆ ಬರ್ತದೆ, ಕೆಳಗಿನದ್ದು ಕಡಿದಾಗಿ ಬರ್ತದೆ, ಹಾಗಾಗಿ ಸಮ ಟೆನ್ಶನ್ ಕೊಟ್ರೆ ಗುಡ್ಡದ್ದೇ ಗೆಲ್ತದೆ. ನಿಮ್ಮ ಅಳತೆಯಲ್ಲೇ ಲೆಕ್ಕ ಹಾಕಿದೆ, ಮೇಲಿನದ್ದಕ್ಕೆ 300 ಆದ್ರೆ ಕೆಳಗಿನ ಎರಡಕ್ಕೂ ಸುಮಾರು 350 ಬೇಕು. ಆದ್ರೆ ಇದನ್ನೇ ಹಿಡ್ಕೊಂಡು ತಿರುಗಿಸ್ಲಿಕ್ಕೆ ಹೋಗ್ಬೇಡಿ, ಡ್ರಾಯಿಂಗಿನ ಜೊತೆ ಟೆನ್ಶನ್ ಚಾರ್ಟ್ ಇರ್ತದೆ, ಯಾವ ಆಂಕರಿಗೆ ಎಷ್ಟು, ಯಾವ ಉಷ್ಣತೆಗೆ ಎಷ್ಟು ಅಂತ, ಅದನ್ನು ಕೇಳಿ ತೆಗೊಳ್ಳಿ. ಕೆಲಸ ಕೆಳಗಿನ ಲೆವೆಲಿಂದ ಶುರು, ಒಂದು ಲೆವೆಲಿನ ಮೂರನ್ನೂ ಸ್ವಲ್ಪ ಸ್ವಲ್ಪವೇ, ಎರಡು ಕಡೆ ಥಿಯೊಡೊಲೈಟ್ (ಕೋನ ಅಳೆಯುವ ದುರ್ಬೀನು) ಇಟ್ಟು ಟವರ್ ನೆಟ್ಟಗೆ ಉಂಟಾ ನೋಡ್ತಾ. ವಾಲುವುದು ಎತ್ತರದ 400ರಲ್ಲಿ ಒಂದು ಪಾಲು ದಾಟಬಾರದು, ನಿಮ್ಮದಕ್ಕೆ 10 ಸೆಂಟಿಮೀಟರ್.

ಗಾಳಿ ಜೋರಿದ್ದಾಗ ಮರೆಯ ಬದಿ (ಗಾಳಿ ಬೀಸಿ ಹೋಗುವ ಕಡೆಯ) ವಯರ್ ಸ್ವಲ್ಪ ಸಡಿಲ ಆಗುವುದು ಸಹಜ, ಪಟ್ಟನೆ ಜಗ್ಗುವುದು ಮಾತ್ರ ಒಳ್ಳೇದಲ್ಲ.

ಜತ್ತ ಬಸು:
ನಮ್ಮ ಕಡೆ ಗಾಳಿ ಹೆಂಗದ ಅಂದ್ರ ಸಾಲಾಗಿ ಪವನಚಕ್ಕಿ ನಿಲ್ಸ್ಯಾರ್ರಿ, ಅದಕ್ಕ ಹೇಳ್ತೀನಿ, ಭಾಳ ಬಿಗಿ ಮಾಡಿದ್ರೂ ಕೆಡ್ತದ. ಬಿಗಿ ವಯರ್ ಸಣ್ಣ ಗಾಳಿಗೂ ಗುಂಯ್ ಅಂತ ನಡುಗಿ ನಡುಗಿ ತುದಿ ಹಿಡಿಕಿ ಹತ್ರ ಎಳಿ ಕಡಿತಾವ, ಮ್ಯಾಲ ಟವರ್ ಮ್ಯಾಲಿನ ಒತ್ತಡಾನೂ ಹೆಚ್ಚಾಗ್ತದ. ವಯರ್ ತುಂಡಾಗೋ ಭಾರದಾಗ ಸುಮಾರು 10 ಪರ್ಸೆಂಟ್ ಇಡೂದು ರೂಢಿ. ಕಾಲಿಂಚಿನ ಇ.ಎಚ್.ಎಸ್. ಸ್ಟ್ರಾಂಡ್ (ಭಾಳ ಗಟ್ಟಿ ಉಕ್ಕಿನ ಎಳಿ ಹೆಣೆದ ವಯರ್) 3,000 ಕಿಲೋ ತಡಿತದ, ಅದಕ್ಕ 300.

ಗೇಜ್ ಇಲ್ಲಂದ್ರ ಹಿಂಗ ನೋಡ್ರಿ: ಕೆಳಗ ವಯರಿಗೆ ಕೈಯಿಂದ ಒಂದು ಪೆಟ್ಟು ಕೊಟ್ರ ಅಲೆ ಮ್ಯಾಲ ಹೋಗಿ ತಿರುಗಿ ಕೈಗೆ ಬಡಿತದ. 10 ಸಲ ಬರೂದಕ್ಕ ಎಷ್ಟು ಸೆಕೆಂಡ್ ಅಂತ ಸ್ಟಾಪ್‌ವಾಚ್ ಹಿಡೀರಿ. ಕಾಲಿಂಚಿನ 44 ಮೀಟರ್ ವಯರ್, 300 ಕಿಲೋ ಇದ್ರ ಸುಮಾರು 6.9 ಸೆಕೆಂಡ್. 8.4 ಬಂತಂದ್ರ 200ಕ್ಕ ಇಳದದ. ಗಾಳಿ ನಿಂತಾಗ ಮಾಡ್ರಿ, ಇಲ್ಲಾಂದ್ರ ಲೆಕ್ಕ ಸುಳ್ಳ.

ಬದಿಯಡ್ಕದವ:
ಓ, ಇದು ಒಳ್ಳೇದುಂಟು. ಟರ್ನ್‌ಬಕಲ್ ತಿರುಗಿಸ್ಲಿಕ್ಕೆ ಇಲ್ಲಿ ಅಡಿಕೆ ಕೊಯ್ಯುವವರನ್ನೇ ಕರೆಯುವ ಅಂತ ಒಬ್ರು ಹೇಳ್ತಿದ್ರು, ಅದು ಬೇಡ ಅಲ್ವಾ 😅

ಉಪ್ಪಳ ರಿಗ್ಗರ್:
ಅಡಿಕೆ ಮರ ಹತ್ತುವ ಧೈರ್ಯ ಬೇರೆ, ಲೋಡಿರುವ ವಯರ್ ಬೇರೆ. ಟರ್ನ್‌ಬಕಲ್ ಬಿಚ್ಚುವ ಮೊದಲು ಚೈನ್ ಪುಲ್ಲಿ ಹಾಕಿ ವಯರನ್ನು ಹಿಡಿದಿರ್ಬೇಕು, ತಿರುಗಿಸಿದ ಮೇಲೆ ಅದು ತಿರುಗದ ಹಾಗೆ ಲಾಕ್ ವಯರ್ ಕಟ್ಬೇಕು, ಇಲ್ಲದಿದ್ರೆ ಗಾಳಿಗೆ ಅದೇ ಬಿಚ್ಕೊಳ್ತದೆ.

ಕುಂಬಳೆ ಕರಾವಳಿ:
ಒಂದು ಮಾತು ಸೇರಿಸ್ತೇನೆ. ವಯರ್ ಮಡಚಿ ಹಿಡಿಯುವ ಯು ಕ್ಲಾಂಪಿನ ಸ್ಯಾಡಲ್ (ವಯರ್ ಕೂರುವ ದಪ್ಪ ಭಾಗ) ಲೋಡ್ ಹೊರುವ ಉದ್ದ ವಯರಿನ ಬದಿಗೆ ಉಂಟಾ ನೋಡಿ, ಯು ಬೋಲ್ಟ್ ಮಡಚಿದ ತುಂಡು ತುದಿಯ ಮೇಲೆ ಬರ್ಬೇಕು. ತಿರುಗಾಮುರುಗಾ ಹಾಕಿದ್ದು ಎಷ್ಟೋ ಕಡೆ ಕಾಣ್ತದೆ. ಮತ್ತೆ ಆಂಕರ್ ರಾಡ್ ಮಣ್ಣೊಳಗೆ ಹೋಗುವಲ್ಲಿ ಸ್ವಲ್ಪ ಅಗೆದು ನೋಡಿ, ಹೊರಗೆ ಫಳಫಳ ಇದ್ರೂ ಒಳಗೆ ತುಕ್ಕು ತಿಂದಿರ್ತದೆ. ಆದ್ರೆ ಈ ಮಳೆಗೆ ಅಗೆಯುವುದು ಬೇಡ, ಒಣಗಲಿ, ಒಮ್ಮೆಗೆ ಒಂದೇ ಆಂಕರ್.